ಏರಿ ಒಡೆದ ಮೇಲೆ ಏಡಿಯ ಮೇಲೆ ಕೇಸು ಹಾಕುತ್ತೀರಾ?



2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಮಣ್ಣಿನ ಅಣೆಕಟ್ಟು ಒಡೆಯಿತು. ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಕಟ್ಟೆ ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. ಕೇಳಿದವರಾರು? ಒಡೆದ ಮೇಲೆ ಅಲ್ಲಿನ ಜಲಸಂರಕ್ಷಣಾ ಮಂತ್ರಿ ತಾನಾಜಿ ಸಾವಂತ್ ಕೊಟ್ಟ ಕಾರಣ ಏನು ಗೊತ್ತೆ? ಏಡಿ! ಏಡಿಗಳು ಬಿಲ ತೋಡಿ ಕಟ್ಟೆ ಒಡೆಯಿತಂತೆ! ರೊಚ್ಚಿಗೆದ್ದ ವಿರೋಧ ಪಕ್ಷದವರು ಏಡಿಗಳನ್ನು ಹಿಡಿದು ಪೊಲೀಸ್ ಠಾಣೆಗೇ ಒಯ್ದರು.

ನಕ್ಕಿರಾ? ನಗಬೇಡಿ. ನಮ್ಮ ದಂಡಿನಶಿವರದ ಸುತ್ತಿನ ಕೆರೆಗಳಲ್ಲೂ ಏಡಿಗಳಿವೆ. ನಮ್ಮಲ್ಲೂ ಮಂತ್ರಿಗಳಿದ್ದಾರೆ.

ನಾನು ಇಂಜಿನಿಯರಲ್ಲ. ಪಿಯುಸಿ ಓದಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಕೂತವನು. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಕೊಬ್ಬರಿ ಮಂಡಿಯ ರಸೀದಿ ಪುಸ್ತಕ ಅಚ್ಚುಹಾಕಿ ಹೊಟ್ಟೆ ಹೊರೆಯುತ್ತೇನೆ. ಆದರೆ ಕೆರೆ ಏರಿಯ ಮೇಲೆ ನಡೆದು ಶಾಲೆಗೆ ಹೋದವನು. ಆ ಏರಿ ಇವತ್ತು ಯಾವ ಸ್ಥಿತಿಯಲ್ಲಿದೆ ಎಂದು ಹೇಳಲು ಡಿಗ್ರಿ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಬೆಂಗಳೂರಿನಲ್ಲಿ ಕೂತು ಓದುತ್ತಿರುವ ತಮ್ಮಂದಿರೇ, ಇದು ಹಳ್ಳಿಯವರ ತಾಪತ್ರಯ ಎಂದು ಪುಟ ಮಗುಚಬೇಡಿ. ನಿಮ್ಮ ರಾಜಧಾನಿಗೆ ಮೊದಲು ಕೊಳವೆಯಲ್ಲಿ ನೀರು ಬಂದದ್ದು 1890ರ ದಶಕದಲ್ಲಿ, ಹೆಸರಘಟ್ಟದ ಮಣ್ಣಿನ ಏರಿಯ ಹಿಂದೆ ನಿಂತ ನೀರಿನಿಂದ. ಇವತ್ತು ತಿಪಟೂರಿನ ನಲ್ಲಿಗೆ ಈಚನೂರು ಕೆರೆ, ತುರುವೇಕೆರೆಯ ನಲ್ಲಿಗೆ ಮಲ್ಲಾಘಟ್ಟ ಕೆರೆ, ತುಮಕೂರಿನ ನಲ್ಲಿಗೆ ಬುಗುಡನಹಳ್ಳಿ ಕೆರೆ. ಹೇಮಾವತಿ ನಾಲೆಯಿಂದ ಬಂದ ನೀರು ನಿಲ್ಲುವುದು ಮಣ್ಣಿನ ಏರಿಗಳ ಹಿಂದೆಯೇ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟನ್ನು ನೋಡಿ: ಕಲ್ಲಿನ ಕಟ್ಟಡ 139 ಮೀಟರು, ಎರಡೂ ಕಡೆಯ ಮಣ್ಣಿನ ಏರಿ 1470 ಮೀಟರು! ಹೆಸರು ಕಲ್ಲಿಗೆ, ಭಾರವೆಲ್ಲ ಮಣ್ಣಿಗೆ. ಇವೆಲ್ಲ ಈಗಲೇ ಒಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ. ಒಡೆಯುವುದಿಲ್ಲ ಎಂದು ನಮಗೆ ಹೇಳುವವರು ಯಾರು ಎಂದು ಕೇಳುತ್ತಿದ್ದೇನೆ.

ಮಣ್ಣಿನ ಏರಿ ಹೇಗೆ ಸಾಯುತ್ತದೆ? ಒಂದು, ಕೋಡಿ ಕಟ್ಟಿಕೊಂಡು ನೀರು ಏರಿಯ ಮೇಲೇ ಹರಿದರೆ. ಕಲ್ಲಿನ ಕಟ್ಟೆ ಸ್ವಲ್ಪ ಹೊತ್ತು ತಾಳೀತು, ಮಣ್ಣು ತಾಳದು. ಎರಡು, ಒಳಗಿಂದ. ತೂಬಿನ ಪಕ್ಕದಲ್ಲೋ, ಸತ್ತ ಮರದ ಬೇರಿನ ಜಾಡಿನಲ್ಲೋ, ಹೆಗ್ಗಣದ ಬಿಲದಲ್ಲೋ ಬೆರಳು ಗಾತ್ರದ ದಾರಿ ಸಿಕ್ಕರೆ ನೀರು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ಬೆರಳು ಗಾತ್ರದ್ದು ತೋಳು ಗಾತ್ರವಾಗುತ್ತದೆ, ತೋಳು ಗಾತ್ರದ್ದು ಗಾಡಿ ಹೋಗುವಷ್ಟಾಗುತ್ತದೆ. ನಮ್ಮೂರ ಹಳೆಯ ನೀರಗಂಟಿ ಏರಿಯ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಕಣ್ಣಿಟ್ಟಿರುತ್ತಿದ್ದ, ಕೆಂಪಾಗಿದ್ದರೆ ಊರು ಕೂಗುತ್ತಿದ್ದ. ಏರಿಯ ಮಣ್ಣು ಕರಗುತ್ತಿದೆ ಎಂದು ಅವನಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಆ ನೀರಗಂಟಿ ಈಗಿಲ್ಲ. ಅವನ ಜಾಗಕ್ಕೆ ಯಾರೂ ಬಂದಿಲ್ಲ. ಬಂದದ್ದು ಜೆಸಿಬಿ!

ಹೂಳೆತ್ತುವ ಹೆಸರಿನಲ್ಲಿ ಏರಿಯ ಬುಡದವರೆಗೂ ಬಗೆದು ಮಣ್ಣು ಸಾಗಿಸುತ್ತಾರೆ. ನೀರು ಇಂಗದಂತೆ ತಡೆದಿದ್ದ ಜೇಡಿಯ ಪದರವೇ ಲಾರಿ ಹತ್ತಿ ಹೋಗುತ್ತದೆ. ಏರಿಯ ಮೇಲೆ ಗ್ರಾನೈಟ್ ಹಾಸು, ಬಣ್ಣದ ದೀಪ, ಶಾಸಕರ ಹೆಸರಿನ ಕಲ್ಲು. ಕೆಳಗೆ ತೂಬು ಸೋರುತ್ತಲೇ ಇರುತ್ತದೆ. ತೂಬು ರಿಪೇರಿ ಮಾಡಿದರೆ ಉದ್ಘಾಟನೆಗೆ ಟೇಪು ಕಟ್ಟುವುದೆಲ್ಲಿ? ಫೋಟೋ ತೆಗೆಯುವುದೆಲ್ಲಿ?

ಇನ್ನೊಂದು ಮಾತು. ವರ್ಷಗಟ್ಟಲೆ ಒಣಗಿದ ಏರಿ ಬಿರುಕು ಬಿಡುತ್ತದೆ, ಬಿಲಗಳಿಗೆ ಮನೆಯಾಗುತ್ತದೆ. ಆಮೇಲೆ ಒಮ್ಮೆಲೇ ಕೆರೆ ತುಂಬಿದ ದಿನವೇ ಅದಕ್ಕೆ ಅಗ್ನಿಪರೀಕ್ಷೆ. 2021, 2022ರ ಮಳೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ಕಾಲದ ನಂತರ ಕೋಡಿ ಬಿದ್ದವು. ನಾವು ಬಾಗಿನ ಬಿಟ್ಟೆವು, ತಮಟೆ ಬಡಿದೆವು, ಸೆಲ್ಫಿ ತೆಗೆದೆವು. ಏರಿಯ ಹಿಂಬದಿಗೆ ಇಳಿದು ನೋಡಿದವರು ಎಷ್ಟು ಜನ?

ನಗರದಲ್ಲಿ ಹೀಗಾಗುವುದಿಲ್ಲ ಎನ್ನಬೇಡಿ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದದ್ದೇ ಕಾರಣ ಎಂದು ಆಗ ಪತ್ರಿಕೆಗಳು ಬರೆದವು. ಏಡಿಗೆ ಎರಡು ಕಾಲೂ ಇರಬಹುದು, ನೋಡಿ!

ಇನ್ನು ಕಾನೂನು. 2021ರಲ್ಲಿ ದೆಹಲಿಯವರು ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿದರು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಆಗಬೇಕು, ಅಪಾಯ ಬಂದರೆ ಏನು ಮಾಡಬೇಕೆಂಬ ಯೋಜನೆ ಸಿದ್ಧವಿರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತೆ 10ರಿಂದ 15 ಮೀಟರಿನೊಳಗೆ ಕೆಲವು ಷರತ್ತಿಗೆ ಒಳಪಟ್ಟವುಗಳಿಗೆ ಮಾತ್ರ. ನಮ್ಮ ಬಹುಪಾಲು ಕೆರೆ ಏರಿಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಒಂಬತ್ತು ಮೀಟರಿನ ಏರಿ ಒಡೆದರೆ ಕೆಳಗಿನ ಊರು ಮುಳುಗುವುದಿಲ್ಲವೆ?

ಅಂಥ ಕೆರೆಗೆ ಯಜಮಾನ ಯಾರು? 40 ಹೆಕ್ಟೇರಿನವರೆಗೆ ಅಚ್ಚುಕಟ್ಟಿದ್ದರೆ ಪಂಚಾಯಿತಿ, ಅದಕ್ಕೂ ಹೆಚ್ಚಿದ್ದರೆ ಸಣ್ಣ ನೀರಾವರಿ. ಏರಿಯ ಮೇಲಿನ ರಸ್ತೆ ಒಬ್ಬರದು, ಮೀನು ಇನ್ನೊಬ್ಬರದು, ಕುಡಿಯುವ ನೀರು ಮತ್ತೊಬ್ಬರದು. ಮೀನು ಹರಾಜಿಗೆ ಎಲ್ಲರೂ ಬರುತ್ತಾರೆ, ಬಿರುಕು ತೋರಿಸಿದರೆ ಯಾರೂ ಇಲ್ಲ.

ನಾನೇ ಒಮ್ಮೆ ಒಂದು ಕಚೇರಿಗೆ ಹೋಗಿ ನಮ್ಮ ಕೆರೆಯ ತಪಾಸಣಾ ವರದಿ ಕೇಳಿದೆ. ಮೂರು ಸಲ ಅಲೆಸಿ, ಕೊನೆಗೆ ಮಾಹಿತಿ ಹಕ್ಕಿನಲ್ಲಿ ಕೊಟ್ಟದ್ದು ಎರಡು ಹಾಳೆ ಜೆರಾಕ್ಸು. ಪೂರ್ತಿ ಇಂಗ್ಲಿಷು! ಹಾಳೆಗಟ್ಟಲೆ ಅಕ್ಷರ ಜೋಡಿಸಿ ಬದುಕುವ ನನಗೇ ತಲೆಬುಡ ತಿಳಿಯಲಿಲ್ಲ. ಡಿಪ್ಲೊಮಾ ಓದಿದ ಹುಡುಗನೊಬ್ಬ ಓದಿ ಹೇಳಿದ: ಸೋರಿಕೆ ಇದೆ, ಗಮನಿಸಬೇಕು ಎಂದಿದೆಯಣ್ಣ. ಗಮನಿಸಬೇಕಾದವರು ಏರಿಯ ಕೆಳಗೆ ಮಲಗುವ ಜನ. ಅವರಿಗೇ ತಿಳಿಯದ ಭಾಷೆಯಲ್ಲಿ ಎಚ್ಚರಿಕೆ! ಇದನ್ನು ಎಚ್ಚರಿಕೆ ಎನ್ನುತ್ತೀರೋ, ಗುಟ್ಟು ಎನ್ನುತ್ತೀರೋ? ಕನ್ನಡ ಎಂದರೆ ನಾಮಫಲಕದ ಜಗಳ ಮಾತ್ರವಲ್ಲ ಸ್ವಾಮಿ. ನನ್ನ ಜೀವಕ್ಕೆ ಅಪಾಯವಿದ್ದರೆ ಅದನ್ನು ನನ್ನ ಭಾಷೆಯಲ್ಲಿ ಹೇಳಿ ಎಂಬುದೂ ಕನ್ನಡವೇ.

ಮಾರ್ಕೋನಹಳ್ಳಿಯ ಸೈಫನ್ನುಗಳು ಗೇಟು ಎತ್ತುವವರಿಲ್ಲದೆ, ನೀರಿನ ಮಟ್ಟ ಏರಿದಾಗ ತಾವಾಗಿಯೇ ಹರಿಯುವಂಥವು. ಕಟ್ಟಿದವರ ಬುದ್ಧಿಗೆ ಕೈಮುಗಿಯಬೇಕು. ಆದರೆ 2025ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗಿದ್ದ ಒಂದೇ ಕುಟುಂಬದ ಹಲವರು, ಹೆಂಗಸರು ಮಕ್ಕಳು ಸೇರಿ, ಆ ದಿಢೀರ್ ನೀರಿಗೆ ಬಲಿಯಾದರು. ನೀರು ತಾನಾಗಿ ಬರುತ್ತದೆ, ಎಚ್ಚರಿಕೆ ತಾನಾಗಿ ಬರುವುದಿಲ್ಲ!

ಬೈದದ್ದು ಸಾಕು, ನಮ್ಮ ಕನ್ನಡಿಯನ್ನೂ ನೋಡಿಕೊಳ್ಳೋಣ. ಕೆರೆ ಅಂಗಳಕ್ಕೆ ತೆಂಗಿನ ಸಸಿ ಇಟ್ಟವರು ಯಾರು? ನಾವೇ. ತೋಟ ಮುಳುಗುತ್ತದೆಂದು ರಾತ್ರೋರಾತ್ರಿ ಕೋಡಿ ಒಡೆಯುವವರು ಯಾರು? ನಾವೇ. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳುಚೀಲ ಪೇರಿಸುವವರು? ಅವರೂ ನಾವೇ. ಏರಿಯ ಕಲ್ಲು ಕಿತ್ತು ದನದ ಕೊಟ್ಟಿಗೆ ಕಟ್ಟಿದವರೂ ಬೇರೆ ರಾಜ್ಯದಿಂದ ಬಂದವರಲ್ಲ. ಹಿಂದೆ ಏರಿಯ ದುರಸ್ತಿಗೆಂದೇ ಜಮೀನು ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಬಿತ್ತುವಟ್ಟ ಎಂಬ ಹೆಸರೇ ಇದೆ. ಆ ಹೆಸರೂ ನಮಗೆ ಮರೆತುಹೋಗಿದೆ.

ನಾವು ಕೇಳುವುದು ಇಷ್ಟೇ. ಊರ ಕೆಳಗೆ ಜನವಿರುವ ಪ್ರತಿ ಕೆರೆಗೂ, ಎತ್ತರ ಎಷ್ಟೇ ಇರಲಿ, ಮಳೆಗಾಲದ ಹಿಂದೆ ಮುಂದೆ ತಪಾಸಣೆ ಆಗಲಿ. ವರದಿ ಕನ್ನಡದಲ್ಲಿ ಬರಲಿ, ಪಂಚಾಯಿತಿ ಗೋಡೆಗೆ ಅಂಟಲಿ. ಗ್ರಾನೈಟಿಗೆ ಮುಂಚೆ ತೂಬು ಮತ್ತು ಕೋಡಿಗೆ ದುಡ್ಡು ಬರಲಿ. ಸಂಬಳ ಕೊಟ್ಟು ಕೆರೆಗೊಬ್ಬ ನೀರಗಂಟಿಯನ್ನು ನೇಮಿಸಲಿ.

ಇದರಲ್ಲಿ ನಿಮ್ಮ ಕೆಲಸವೂ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ಗಂಟೆ ಏರಿಯ ಹಿಂಬದಿಯಲ್ಲಿ ನಡೆಯಿರಿ. ಜೌಗು, ಬಿರುಕು, ಬಿಲ, ಕೆಂಪು ನೀರು ಕಂಡರೆ ಮೊಬೈಲಿನಲ್ಲಿ ಫೋಟೋ ಹಿಡಿಯಿರಿ, ದಿನಾಂಕ ಹಾಕಿ ಕನ್ನಡದಲ್ಲಿ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಕದಲಬೇಡಿ. ವರದಿ ಕನ್ನಡದಲ್ಲಿ ಕೊಟ್ಟರೆ, ನಮ್ಮ ಹೋಬಳಿಯ ಮನೆಮನೆಗೂ ಆಗುವಷ್ಟು ಪ್ರತಿಯನ್ನು ಕಾಗದದ ಕಾಸೂ ಕೇಳದೆ ನಾನು ಅಚ್ಚುಹಾಕಿ ಕೊಡುತ್ತೇನೆ.

ಶ್ರದ್ಧಾಂಜಲಿಯ ಪೋಸ್ಟರುಗಳನ್ನು ಅಚ್ಚುಹಾಕುವ ಆರ್ಡರು ಮಾತ್ರ ನನಗೆ ಬೇಡ.