ಐದಕ್ಷರದ ಪಟ್ಟಿ ಓದಿದ್ರೆ ಇಂಗ್ಲಿಷ್ ಬರುತ್ತಾ?

"ಐ, ಜಿ, ಎಚ್, ಟಿ - ಹೀಗೆ ಮುಗಿಯುವ ಐದಕ್ಷರದ ಇಂಗ್ಲಿಷ್ ಪದಗಳು ಯಾವುವು?" ಅಂತ ಕೇಳಿದ್ರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಅದೊಂದು ಕೆಲಸವೇ ಅಲ್ಲ. ಪದಗಳ ಕಡತ ಒಂದಿದ್ದರೆ ಒಂದೇ ಸಾಲಿನ ಗ್ರೆಪ್ ಸಾಕು. ಏಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್ (30-40ರದ್ದಲ್ಲ ಸ್ವಾಮೀ, ನೋಟ!), ಟೈಟ್. ಇನ್ನೂ ಕೆದಕಿದ್ರೆ ಬೈಟ್ ಅಂತ ಒಂದು ಸಿಗುತ್ತೆ. ಅದು ಕಂಪ್ಯೂಟರಿನದ್ದೂ ಅಲ್ಲ, ಕಚ್ಚೋದೂ ಅಲ್ಲ, ಕಡಲತೀರ ಒಳಕ್ಕೆ ಬಾಗಿರುವ ಜಾಗ.

ಇಂಥ ಪಟ್ಟಿಗಳಿಗೆ ಬೇಡಿಕೆ ಬಂದಿದ್ದು ವರ್ಡಲ್ ಆಟದಿಂದ. ಜಾಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ 2021ರ ಅಕ್ಟೋಬರ್‌ನಲ್ಲಿ ಇದನ್ನು ಎಲ್ಲರಿಗೂ ತೆರೆದಿಟ್ಟರು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಬಚ್ಚಿಟ್ಟ ಐದಕ್ಷರದ ಪದವನ್ನು ಆರು ಸಲದೊಳಗೆ ಊಹಿಸಬೇಕು, ಅಷ್ಟೇ.

ಮೇಲಿನ ನೈಟ್-ಲೈಟ್ ಗುಂಪು ಈ ಆಟದ ದೊಡ್ಡ ಬಲೆ. ಕೊನೆಯ ನಾಲ್ಕು ಅಕ್ಷರ ಗೊತ್ತಾದ ಮೇಲೂ ಎಂಟು ಪದ ಉಳಿದಿರುತ್ತವೆ. ಒಂದೊಂದಾಗಿ ಹಾಕುತ್ತಾ ಹೋದರೆ ಆಟ ಮುಗಿದುಹೋಗಬಹುದು. ಅದರ ಬದಲು ಫಿಲ್ಮ್ಸ್ ಅಂತ ಹಾಕಿ ನೋಡಿ. ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಪರೀಕ್ಷೆ ಆಗುತ್ತೆ. ಯಾವುದೂ ಇಲ್ಲ ಅಂದ್ರೆ ಇನರ್ಟ್. ಅದರಲ್ಲಿ ಇ, ಎನ್, ಆರ್ ಮೂರೂ ಇಲ್ಲ ಅಂದ್ರೆ ಉತ್ತರ ಟೈಟ್! (ಹಾರ್ಡ್ ಮೋಡ್‌ನಲ್ಲಿ ಈ ಉಪಾಯ ನಡೆಯಲ್ಲ, ಸಿಕ್ಕ ಅಕ್ಷರಗಳನ್ನು ಮುಂದೆಯೂ ಬಳಸಲೇಬೇಕು.) ಇದರಲ್ಲಿ ಖುಷಿ ಇದೆ, ನಾನೂ ಇದರ ಗಿರಾಕಿಯೇ :) ಆದ್ರೆ ಗಮನಿಸಿ, ಇಷ್ಟೆಲ್ಲ ಮಾಡುವಾಗ ಒಂದು ಪದದ ಅರ್ಥವೂ ಬೇಕಾಗಲಿಲ್ಲ.

ನನ್ನ ತಕರಾರು ಇರೋದು ಇಲ್ಲೇ. "ವೊಕ್ಯಾಬುಲರಿ ಹೆಚ್ಚಿಸಿಕೊಳ್ಳಿ" ಅಂತ ಇದೇ ಪಟ್ಟಿಗಳನ್ನು ಮಕ್ಕಳ ಕೈಗೆ ಕೊಡ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ.

ನೈಜೆಲ್ ರಿಚರ್ಡ್ಸ್ ಅಂತ ನ್ಯೂಜಿಲೆಂಡಿನ ಒಬ್ಬರು ಸ್ಕ್ರಾಬಲ್ ಆಟಗಾರರಿದ್ದಾರೆ. 2015ರಲ್ಲಿ ಅವರು ಫ್ರೆಂಚ್ ಸ್ಕ್ರಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಫ್ರೆಂಚ್ ಮಾತಾಡೋಕೆ ಬರುತ್ತಿರಲಿಲ್ಲ! ನಿಘಂಟಿನ ಪದಪಟ್ಟಿಯನ್ನೇ ನೆನಪಿಟ್ಟುಕೊಂಡು ಆಡಿದ್ದರು. 2024ರಲ್ಲಿ ಸ್ಪ್ಯಾನಿಶ್‌ನಲ್ಲೂ ಹಾಗೇ ಗೆದ್ದರು. ಅಸಾಧ್ಯ ನೆನಪು, ಅಸಾಧ್ಯ ಲೆಕ್ಕಾಚಾರ... ಕೈಮುಗಿಯೋಣ. ಆದ್ರೆ ಅಷ್ಟೊಂದು ಪದ ಗೊತ್ತಿದ್ದೂ ಆ ಭಾಷೆಯಲ್ಲಿ ಊಟಕ್ಕೇನಿದೆ ಅಂತ ಕೇಳೋಕೆ ಆಗಲ್ಲ ಅಂದ್ರೆ, ಪಟ್ಟಿ ಬೇರೆ, ಭಾಷೆ ಬೇರೆ ಅಂತ ತಾನೇ ಅರ್ಥ?

ವರ್ಡಲ್‌ನ ಹುಟ್ಟಿನಲ್ಲೇ ಈ ಪಾಠ ಇದೆ. ಮೊದಲು ಜಾಶ್ ಬಳಿ ಇದ್ದದ್ದು ಸುಮಾರು 12,000 ಐದಕ್ಷರದ ಪದಗಳು. ಅವರ ಸಂಗಾತಿ ಪಲಕ್ ಶಾ ಒಂದೊಂದನ್ನೂ ನೋಡಿ, ಪರಿಚಯ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ಬೇರ್ಪಡಿಸಿದರು. ಉಳಿದದ್ದು ಸುಮಾರು 2,500. ಗ್ರೆಪ್‌ಗೆ 12,000ವೂ ಒಂದೇ. ವ್ಯತ್ಯಾಸ ಹೇಳೋಕೆ ಆ ಭಾಷೆಯಲ್ಲಿ ಬದುಕುವ ಮನುಷ್ಯರೇ ಬೇಕಾಯ್ತು.

ಹಾಗಂತ ಪಟ್ಟಿ ನಿಷ್ಪ್ರಯೋಜಕ ಅಂತ ನಾನು ಹೇಳ್ತಿಲ್ಲ. ಅದು ಸ್ಪೆಲಿಂಗ್ ಕಲಿಸುತ್ತೆ, ಒಂದನ್ನು ಕಲಿತರೆ ಏಳು ಪುಕ್ಕಟೆ. ಆದ್ರೆ ಕಲಿಸುವಾಗ ಕಾರಣವನ್ನೂ ಹೇಳಬಾರದೇ? ಈ ಪದಗಳಲ್ಲಿ ಸುಮ್ಮನೆ ಕೂತಿರುವ ಜಿ-ಎಚ್ ಒಂದು ಕಾಲಕ್ಕೆ ಬಾಯಲ್ಲಿತ್ತು, ಗಂಟಲಿನ ಹತ್ತಿರ 'ಖ್' ಥರ ಉಜ್ಜಿ ಬರುವ ಶಬ್ದವಾಗಿ. ಜರ್ಮನ್‌ನಲ್ಲಿ ಈಗಲೂ ಇದೆ: ನೈಟ್‌ಗೆ ನಾಖ್ಟ್, ಏಯ್ಟ್‌ಗೆ ಆಖ್ಟ್, ಮೈಟ್‌ಗೆ ಮಾಖ್ಟ್. ಇಂಗ್ಲಿಷರ ಬಾಯಿಂದ ಶಬ್ದ ಹೋಯ್ತು, ಕಾಗದದ ಮೇಲೆ ಅಕ್ಷರ ಉಳೀತು. ತಮಾಷೆ ಅಂದ್ರೆ ಡಿಲೈಟ್ ಪದಕ್ಕೆ ಈ ಜಿ-ಎಚ್ ಹುಟ್ಟಿನಿಂದ ಇರಲೇ ಇಲ್ಲ. ಫ್ರೆಂಚ್ ಮೂಲದ ಪದ ಅದು. ಲೈಟ್ ನೋಡಿ ಇಂಗ್ಲಿಷರೇ ಇದಕ್ಕೂ ಅಂಟಿಸಿಬಿಟ್ಟರು!

ಈಗ ನಮ್ಮ ಕನ್ನಡ ಶಾಲೆಯ ಮಗುವನ್ನು ನೆನೆಸಿಕೊಳ್ಳಿ. 'ಕೇಳಿದ್ದನ್ನು ಬರಿ' ಅನ್ನೋದೇ ಅದರ ಅಭ್ಯಾಸ. ನೈಟ್ ಅದಕ್ಕೆ ಎರಡೇ ಅಕ್ಷರ. ಕೈಟ್‌ಗೆ ಕೆ-ಐ-ಟಿ-ಇ ಅಂತ ಹೇಳಿಕೊಟ್ಟಿದ್ದಾರೆ. ಹಾಗಾದ್ರೆ ನೈಟ್‌ಗೆ ಎನ್-ಐ-ಟಿ-ಇ ಅಂತ ಬರೆಯುತ್ತೆ. ಈ ತರ್ಕದಲ್ಲಿ ತಪ್ಪೆಲ್ಲಿದೆ? ಆದ್ರೂ ಕೆಂಪು ಗೀಟು ಬೀಳುತ್ತೆ, ಕ್ಲಾಸಿನವರು ನಗ್ತಾರೆ. "ನನಗೆ ಇಂಗ್ಲಿಷ್ ಬರಲ್ಲ" ಅಂತ ಮಗು ತೀರ್ಮಾನ ಮಾಡುತ್ತೆ. ಹಾಗೆ ತೀರ್ಮಾನ ಮಾಡಿ ಇಂಟರ್ವ್ಯೂಗಳಲ್ಲಿ ಬಾಯಿ ಬಿಡದೇ ಕೂತ ಬುದ್ಧಿವಂತರನ್ನು ನಾನು ನೋಡಿದ್ದೀನಿ, ನೀವೂ ನೋಡಿರ್ತೀರಿ.

ಆ ಮಗುವಿಗೆ ಐವತ್ತು ಪದಗಳ ಇನ್ನೊಂದು ಪಟ್ಟಿ ಬೇಡ. "ನಿನ್ನ ಕಿವಿ ಸರಿಯಾಗೇ ಇದೆ, ಈ ಪದಕ್ಕೊಂದು ಹಳೇ ಕಥೆ ಇದೆ" ಅಂತ ಹೇಳೋ ಒಬ್ಬರು ಮೇಷ್ಟ್ರು ಬೇಕು. ಎಂಟು ಪದ ಕಲಿಸಿದ್ರೆ ಎಂಟು ವಾಕ್ಯ ಆಡಿಸಬೇಕು. ಆಟ ಆಟವಾಗಿರಲಿ, ಅದನ್ನು ಬುದ್ಧಿಯ ಅಳತೆಗೋಲು ಮಾಡೋದು ಬೇಡ.

ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ಅಪ್ಪ-ಅಮ್ಮಂದಿರಿದ್ದೀರಿ. ನೀವು ಹೇಗೆ ಹೇಳಿಕೊಡ್ತೀರಿ? ಕಾಮೆಂಟಿನಲ್ಲಿ ತಿಳಿಸಿ, ಜಗಳಕ್ಕೂ ಸ್ವಾಗತ :)