‘ವಯಸ್ಸಾಯಿತಲ್ಲ’ ಎಂಬ ಮಾತು

ಮುಪ್ಪಿನಿಂದ ದೇಹ ಕುಗ್ಗುವ ಮುನ್ನವೇ ಪೂಜೆಯಲ್ಲಿ ತೊಡಗಬೇಕೆಂದು ಬಸವಣ್ಣನವರು ಎಚ್ಚರಿಸಿದರು. ಆ ಎಚ್ಚರಿಕೆ ಕಿರಿಯರಿಗೆ. ಈಗಾಗಲೇ ಮುಪ್ಪಿನಲ್ಲಿರುವವರ ಹೊಣೆ ಯಾರದು?

ಆಲೂರು, ಸಕಲೇಶಪುರಗಳ ಕಾಫಿ ಸೀಮೆಯಲ್ಲಿ ಮಕ್ಕಳು ಬೆಂಗಳೂರು ಸೇರಿ, ತೋಟದ ಒಂಟಿಮನೆಗಳಲ್ಲಿ ಹಿರಿಯರಷ್ಟೇ ಉಳಿದಿರುವುದುಂಟು. ಮಳೆಗಾಲದಲ್ಲಂತೂ ಆಸ್ಪತ್ರೆ ಮತ್ತಷ್ಟು ದೂರ. ಕಣ್ಣು ಮಂಜಾದರೂ, ಕಿವಿ ಮಂದವಾದರೂ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತು. ಹಿರಿಯರೂ ಅದನ್ನೇ ನಂಬುತ್ತಾರೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲದೆಂದು ನೋಯುವ ಎಷ್ಟೋ ಹಿರಿಯರಿಗೆ ಬಂದಿರುವುದು ಕಣ್ಣಿನ ಪೊರೆ. ಅದು ಸಣ್ಣ ಶಸ್ತ್ರಚಿಕಿತ್ಸೆಯಿಂದ ನೀಗುವಂಥದು. ಹಠಾತ್ತನೆ ಕವಿಯುವ ಗೊಂದಲಕ್ಕೆ ಮೂತ್ರದ ಸೋಂಕು, ಔಷಧಿಯ ಅಡ್ಡಪರಿಣಾಮವೂ ಕಾರಣವಿರಬಹುದು. ಬಚ್ಚಲುಮನೆಯ ಪಾಚಿ ತಿಕ್ಕಿ, ಗೋಡೆಗೊಂದು ಹಿಡಿಕೆ ಹಾಕಿಸಿದರೆ ಸೊಂಟ ಮುರಿಯುವ ಆಪತ್ತು ತಪ್ಪೀತು.

ಹೆತ್ತವರ ಪೋಷಣೆಯನ್ನು 2007ರ ಕಾಯ್ದೆ ಮಕ್ಕಳ ಕರ್ತವ್ಯವಾಗಿಸಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂಪಡೆಯಲೂ ಅಲ್ಲಿ ಅವಕಾಶವಿದೆ. ನೆರವಿಗೆ 14567 ಸಹಾಯವಾಣಿಯೂ ಇದೆ. ಆದರೆ ಕಾನೂನು ಅನ್ನ ಕೊಡಿಸೀತು, ಆದರವನ್ನಲ್ಲ. ಜಾತ್ರೆಯ ದಾಸೋಹಕ್ಕೆ ಅಕ್ಕಿಮೂಟೆ ಕಳಿಸುವ ಕೈ ಮೊದಲು ಮನೆಯ ಹಿರಿಯರ ಕೈ ಹಿಡಿಯಲಿ. ದಾಸೋಹ ಆರಂಭವಾಗಬೇಕಾದುದು ಅಲ್ಲಿಂದಲೇ.