ಚರ್ಚು ಸರ್ಕಾರದ ಇಲಾಖೆಯಲ್ಲ

ಉಕ್ರೇನಿನ ಸಂಸತ್ತು 2024ರ ಆಗಸ್ಟ್ 20ರಂದು 265 ಮತಗಳ ಬೆಂಬಲದಿಂದ ಒಂದು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ನಾಲ್ಕು ದಿನಗಳ ಬಳಿಕ, ಸ್ವಾತಂತ್ರ್ಯ ದಿನದಂದೇ, ಅಧ್ಯಕ್ಷ ಝೆಲೆನ್‌ಸ್ಕಿ ಅದಕ್ಕೆ ಸಹಿ ಹಾಕಿದರು. ಕಾಯ್ದೆ ಹೇಳುವುದು ಎರಡು ಮಾತು. ಒಂದು, ರಷ್ಯಾದ ಆರ್ಥೊಡಾಕ್ಸ್ ಚರ್ಚಿಗೆ ಉಕ್ರೇನಿನಲ್ಲಿ ನಿಷೇಧ. ಎರಡು, ಅದರೊಂದಿಗೆ ನಂಟಿರುವ ಸ್ಥಳೀಯ ಧಾರ್ಮಿಕ ಸಂಸ್ಥೆಗಳು ಆ ನಂಟು ಕಡಿದುಕೊಳ್ಳಬೇಕು. ಇಲ್ಲದಿದ್ದರೆ ಸರ್ಕಾರ ನ್ಯಾಯಾಲಯಕ್ಕೆ ಹೋಗಿ ಅವನ್ನು ಮುಚ್ಚಿಸಬಹುದು. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯದು ಅನ್ಯಾಯ. ಅದಕ್ಕಿಂತ ಮುಖ್ಯವಾಗಿ, ಯಾವ ರೋಗದ ವಿರುದ್ಧ ಉಕ್ರೇನು ಹೋರಾಡುತ್ತಿದೆಯೋ ಅದೇ ರೋಗದ ಲಕ್ಷಣ.

ಮಾಸ್ಕೋದ ಚರ್ಚು ಬಡಪಾಯಿಯಲ್ಲ. ಅದರ ಮುಖ್ಯಸ್ಥ ಪೇಟ್ರಿಯಾರ್ಕ್ ಕಿರಿಲ್, ಉಕ್ರೇನಿನ ಮೇಲಿನ ಯುದ್ಧದಲ್ಲಿ ಮಡಿದ ಸೈನಿಕನ ಪಾಪಗಳೆಲ್ಲ ತೊಳೆದುಹೋಗುತ್ತವೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ಉಪದೇಶಿಸಿದವರು. 2024ರ ಮಾರ್ಚ್‌ನಲ್ಲಿ ಅವರ ನೇತೃತ್ವದ ವಿಶ್ವ ರಷ್ಯನ್ ಜನತಾ ಪರಿಷತ್ತು ಈ ಯುದ್ಧವನ್ನು ‘ಪವಿತ್ರ ಯುದ್ಧ’ ಎಂದೇ ಘೋಷಿಸಿತು. ವಿಜಯಕ್ಕಾಗಿ ಪ್ರಾರ್ಥಿಸಿ ಎಂದರೆ ಶಾಂತಿಗಾಗಿ ಪ್ರಾರ್ಥಿಸಿದ ಮಾಸ್ಕೋದ ಪಾದ್ರಿಯೊಬ್ಬರ ದೀಕ್ಷೆಯನ್ನು 2023ರಲ್ಲಿ ಕಿತ್ತುಕೊಳ್ಳಲಾಯಿತು. ಇಂಥ ಸಂಸ್ಥೆಗೆ, ತಾನು ಹರಸಿದ ಬಾಂಬು ಬೀಳುವ ದೇಶದಲ್ಲೇ ಕಚೇರಿ ತೆರೆದು ಕೂರುವ ಹಕ್ಕಿಲ್ಲ.

ಆದರೆ ಈ ಸಂಸ್ಥೆ ಹೀಗಾದದ್ದು ಹೇಗೆ? ದೇವರನ್ನೇ ಒಪ್ಪದ ಸ್ಟಾಲಿನ್ 1943ರ ಸೆಪ್ಟೆಂಬರ್‌ನಲ್ಲಿ ಮೂವರು ಹಿರಿಯ ಧರ್ಮಗುರುಗಳನ್ನು ಕ್ರೆಮ್ಲಿನ್‌ಗೆ ಕರೆಸಿಕೊಂಡ. ನಾಲ್ಕೇ ದಿನಗಳಲ್ಲಿ ಹೊಸ ಪೇಟ್ರಿಯಾರ್ಕ್ ಆಯ್ಕೆಯಾದರು. 1946ರಲ್ಲಿ ಲ್ವೀವ್ ನಗರದಲ್ಲಿ ಒಂದು ಧರ್ಮಸಭೆಯ ನಾಟಕವಾಡಿಸಿ ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೇ ಇಲ್ಲವಾಗಿಸಿ, ಅದರ ಗುಡಿಗಳನ್ನು ಮಾಸ್ಕೋದ ಚರ್ಚಿಗೆ ಒಪ್ಪಿಸಲಾಯಿತು. ಸೋವಿಯತ್ ಆಡಳಿತ ಬಿಟ್ಟುಹೋದ ಆಸ್ತಿ ನಾಸ್ತಿಕತೆಯಲ್ಲ. ಯಾವ ಚರ್ಚು ಬದುಕಬೇಕು, ಯಾವುದು ಸಾಯಬೇಕು ಎಂಬುದನ್ನು ಸರ್ಕಾರವೇ ತೀರ್ಮಾನಿಸುವ ಚಾಳಿ. ಧ್ವಜದ ಬಣ್ಣ 1991ರಲ್ಲಿ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಆ ಚಾಳಿ ಕೀವ್‌ಗೂ ಅಂಟಿದೆ. ಹಿಂದಿನ ಅಧ್ಯಕ್ಷ ಪೊರೊಶೆಂಕೊ ‘ಸೇನೆ, ಭಾಷೆ, ಧರ್ಮ’ ಎಂಬ ಘೋಷಣೆಯೊಂದಿಗೆ 2019ರ ಚುನಾವಣೆಗೆ ಇಳಿದರು. ಅದೇ ವರ್ಷದ ಜನವರಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಬಾರ್ತಲೋಮಿಯೊ ಹೊಸ ಸ್ವತಂತ್ರ ಉಕ್ರೇನ್ ಚರ್ಚಿಗೆ ಮಾನ್ಯತೆಯ ಪತ್ರ ಕೊಟ್ಟಿದ್ದರು. ಅದನ್ನು ಪೊರೊಶೆಂಕೊ ಊರೂರಿಗೆ ಹೊತ್ತು ಮೆರೆಸಿದರು. ಧರ್ಮದ ಗೋಜಿಗೇ ಹೋಗದ ಹಾಸ್ಯನಟ ಝೆಲೆನ್‌ಸ್ಕಿಗೆ ಶೇ 73ರಷ್ಟು ಮತ ಬಿತ್ತು. ಆ ಝೆಲೆನ್‌ಸ್ಕಿಯೇ ಈಗ ಸೋತವರ ದಾರಿ ಹಿಡಿದಿದ್ದಾರೆ.

ಕಾಯ್ದೆಯ ನಿಜವಾದ ಗುರಿ, ಹಿಂದೆ ಮಾಸ್ಕೋದ ಅಧೀನದಲ್ಲಿದ್ದ ಇನ್ನೊಂದು ಚರ್ಚು: ಮೆಟ್ರೊಪಾಲಿಟನ್ ಒನುಫ್ರಿಯವರ ಉಕ್ರೇನಿಯನ್ ಆರ್ಥೊಡಾಕ್ಸ್ ಚರ್ಚು. ಅದು 2022ರ ಮೇ 27ರಂದು ಸಭೆ ಸೇರಿ, ಕಿರಿಲ್ ಅವರ ಯುದ್ಧ ನಿಲುವನ್ನು ಒಪ್ಪುವುದಿಲ್ಲ, ನಾವು ಸ್ವತಂತ್ರರು ಎಂದು ಸಾರಿತು. ಸಾಲದು ಎನ್ನುತ್ತದೆ ಸರ್ಕಾರ. ರಷ್ಯಾ ಚರ್ಚಿನ ನಿಯಮಾವಳಿಯಲ್ಲಿ ಇವರ ಹೆಸರಿದ್ದರೆ ಅದೂ ನಂಟಿನ ಪುರಾವೆಯೇ ಎನ್ನುತ್ತದೆ ಕಾಯ್ದೆ. ಅಂದರೆ ಉಕ್ರೇನಿನ ಪ್ರಜೆಗಳ ನಿಷ್ಠೆಗೆ ಸಾಕ್ಷಿ ಹೇಳುವ ಅಧಿಕಾರ ಮಾಸ್ಕೋದ ಕಾಗದಕ್ಕೆ! 2023ರ ಜುಲೈನಲ್ಲಿ ರಷ್ಯಾದ ಕ್ಷಿಪಣಿ ಹಾಳುಗೆಡವಿದ ಒಡೆಸಾದ ರೂಪಾಂತರ ಕೆಥೆಡ್ರಲ್ ಇದೇ ಚರ್ಚಿನದು. ಅದನ್ನು 2010ರಲ್ಲಿ ಪ್ರತಿಷ್ಠಾಪಿಸಿದ್ದವರು ಸ್ವತಃ ಕಿರಿಲ್.

ಈ ಚರ್ಚಿನ ಪಾದ್ರಿಗಳಲ್ಲಿ ಕೆಲವರು ಶತ್ರುವಿಗೆ ಮಾಹಿತಿ ಕೊಟ್ಟರು, ನ್ಯಾಯಾಲಯದಲ್ಲಿ ಶಿಕ್ಷೆಗೂ ಗುರಿಯಾದರು ಎಂಬುದು ಸುಳ್ಳಲ್ಲ. ದ್ರೋಹ ಬಗೆದವರು ಜೈಲಿಗೆ ಹೋಗಲಿ. ಆದರೆ ಅದೇ ಗುಡಿಯಲ್ಲಿ ಮೋಂಬತ್ತಿ ಹಚ್ಚುವ ತಾಯಿಯ ಮಗ ಉಕ್ರೇನಿನ ಪರವಾಗಿ ಕಂದಕದಲ್ಲಿ ನಿಂತಿರಬಹುದು. ಅವಳ ಗುಡಿಗೆ ಬೀಗ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇದು ನೀತಿಯ ಪ್ರಶ್ನೆ ಮಾತ್ರವಲ್ಲ, ಲೆಕ್ಕಾಚಾರದ ಪ್ರಶ್ನೆಯೂ ಹೌದು. ಮೊಂಟೆನೆಗ್ರೊವನ್ನು ನೋಡಿ. 1918ಕ್ಕೆ ಮುಂಚಿನ ಒಡೆತನ ಸಾಬೀತುಪಡಿಸದ ಚರ್ಚು ಆಸ್ತಿಗಳು ಸರ್ಕಾರದ ಪಾಲಾಗಬೇಕೆಂಬ ಕಾನೂನನ್ನು ಅಲ್ಲಿನ ಆಡಳಿತ ಪಕ್ಷ 2019ರ ಡಿಸೆಂಬರ್‌ನಲ್ಲಿ ತಂದಿತು. ಸರ್ಬಿಯಾದ ಪ್ರಭಾವ ತಗ್ಗಿಸುವುದು ಉದ್ದೇಶ. ಸರ್ಬಿಯನ್ ಚರ್ಚಿನ ಹಿಂದೆ ಸಾವಿರಾರು ಜನ ಮೆರವಣಿಗೆ ಹೊರಟರು. ಮೂರು ದಶಕ ಆಳಿದ ಪಕ್ಷ ಮರುವರ್ಷದ ಆಗಸ್ಟ್‌ನಲ್ಲಿ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡಿತು. ತಗ್ಗಬೇಕಿದ್ದ ಪ್ರಭಾವ ಹಿಗ್ಗಿತು.

ಉಕ್ರೇನಿಗೆ ಬೇರೆ ದಾರಿಗಳಿಲ್ಲವೇ? ಇವೆ. ಸದಸ್ಯರೇ ಮತ ಹಾಕಿ ತಮ್ಮ ಗುಡಿಯನ್ನು ಹೊಸ ಚರ್ಚಿಗೆ ಸೇರಿಸುವ ಅವಕಾಶ 2019ರಿಂದಲೇ ಕಾನೂನಿನಲ್ಲಿದೆ. ಕೀವ್‌ನ ಪೆಚೆರ್ಸ್ಕ್ ಲಾವ್ರಾದಂಥ ಸರ್ಕಾರಿ ಆಸ್ತಿಯನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂಬುದು ಸರ್ಕಾರದ ಇಷ್ಟ. ದೇಶದ್ರೋಹಕ್ಕೆ ಕ್ರಿಮಿನಲ್ ಕಾನೂನಿದೆ. ಹಾಗಾಗಿ ಸಂಸತ್ತು ಮಾಡಬೇಕಾದ ಕೆಲಸ ಚಿಕ್ಕದು. ರಷ್ಯಾ ಚರ್ಚಿನ ಮೇಲಿನ ನಿಷೇಧ ಉಳಿಯಲಿ, ಮಾಸ್ಕೋದ ದಾಖಲೆಯನ್ನು ಪುರಾವೆ ಎಂದು ಒಪ್ಪುವ ಅಂಶ ಹೋಗಲಿ, ಕ್ರಮ ಜರುಗುವುದಾದರೆ ಆಯಾ ಗುಡಿಯವರು ಮಾಡಿದ ಕೃತ್ಯದ ಮೇಲೆ ಜರುಗಲಿ. ಉಕ್ರೇನಿನ ವಿಶ್ವಾಸಿಗಳಿಗೆ ತಾನೇ ರಕ್ಷಕ ಎಂದು ಪುಟಿನ್ ಹೇಳಿಕೊಳ್ಳುತ್ತಿರುವಾಗ, ಆ ಸುಳ್ಳಿಗೆ ಕೀವ್ ತಾನಾಗಿ ಆಧಾರ ಒದಗಿಸಬೇಕಿಲ್ಲ.